ಗಾಳಿಯಲ್ಲಿ ಹಿಡಿದ ಬ್ರೇಕು

ಮಿತ್ರರೇ, ಒಂದು ಅಪರಾಧ ಒಪ್ಪಿಕೊಳ್ಳುತ್ತಿದ್ದೇನೆ. ಇಂದು ಬಿಡದಿಯ ಕಾರು ಫ್ಯಾಕ್ಟರಿಗೆ ಹೊಟ್ಟೆನೋವೆಂದು ರಜೆ ಹೇಳಿ, ಕಾರು ಜೋಡಿಸುವ ಬದಲು ರಾಮನಗರದ ಸೈಬರ್ ಸೆಂಟರಿನಲ್ಲಿ ಕಾರು ಹಾರಿಸಿದೆ.

ಈ ರೇಸ್ ಆಟದಲ್ಲಿ ಕಾರು ದಿಬ್ಬದಿಂದ ನೆಗೆದ ಮೇಲೂ ಅದರ ಕಾರುಬಾರು ನಮ್ಮ ಕೈಯಲ್ಲೇ. ಬ್ರೇಕ್ ಒತ್ತಿದರೆ ಮೂತಿ ತಗ್ಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಏಳುತ್ತದೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿಲ್ಲ. ಕೊನೆಯ ನೆಗೆತ ನೆಟ್ಟಗೆ ಇಳಿದಿದ್ದರೆ ಸೆಂಟರಿನ ಗೋಡೆಯ ಮೇಲಿನ ಗೆದ್ದವರ ಪಟ್ಟಿಯಲ್ಲಿ ಇಂದು ನನ್ನ ಹೆಸರೇ ಮೊದಲು.

ಕಾರು ಆ ನೆಗೆತದಲ್ಲಿ ಗಾಳಿಯಲ್ಲಿದ್ದಾಗಲೇ ಬೆನ್ನ ಹಿಂದೆ ಬಂದು ನಿಂತರು ನಮ್ಮ ಬೀದಿಯ ಸಿದ್ರಾಜಣ್ಣ. ಸಾತನೂರು ಬಸ್ಸಿನ ಡ್ರೈವರು, ಮಗಳ ರಿಸಲ್ಟ್ ನೋಡಲು ಬಂದಿದ್ದರು.

“ಗಾಳೀಲಿ ಯಾತರ ಬ್ರೇಕ್ಲಾ? ಟೈರು ನೆಲ ಮುಟ್ಟಿದ್ರಲ್ವಾ ಬ್ರೇಕು ಹಿಡ್ಯೋದು!”

“ಅಣ್ಣ, ಒಸಿ ಸುಮ್ಕಿರಿ!”

“ಇಪ್ಪತ್ತು ವರ್ಸದಿಂದ ಬಸ್ ಓಡಿಸ್ತಾ ಇವ್ನಿ. ಬುಡ್ಲಾ ಕೈಯ!” ಎಂದು ನನ್ನ ಬೆರಳನ್ನು ಬ್ರೇಕಿನ ಕೀಯಿಂದ ಎತ್ತಿಯೇಬಿಟ್ಟರು. ಕಾರು ಮೂತಿ ಎತ್ತಿ, ಮಗುಚಿ, ಅಂಗಾತ ಬಿತ್ತು. “ನೋಡ್ದಾ? ಸ್ಪೀಡು ಜಾಸ್ತಿ ಆಗೋಯ್ತು ನಿಂದು” ಎಂದು ಬೈಗುಳವೂ ನನಗೇ!

ರಸ್ತೆಯ ಕಾನೂನನ್ನು ಆಕಾಶಕ್ಕೂ ಹೇರುವುದು ಯಾವ ನ್ಯಾಯ? ನಾನೆಂದಾದರೂ ಅವರ ಬಸ್ಸಿನ ಸ್ಟೇರಿಂಗಿಗೆ ಕೈ ಹಾಕಿದ್ದೇನೆಯೇ?

ನಿಜವಾದ ಗಾಡಿ ಓಡಿಸಲು ಬಾರದ ಕಾರಣ, ಮುಖ ಊದಿಸಿಕೊಂಡೇ ಅವರ ಸ್ಕೂಟರಿನ ಹಿಂದೆ ಕೂತು ಮನೆಗೆ ಹೊರಟೆ. ದಾರಿಯಲ್ಲೊಂದು ಹಂಪು ಬಂತು, ಸ್ಕೂಟರು ನೆಗೆಯಿತು.

“ಯಾಕ್ಲಾ ನನ್ನ ಬೆನ್ನು ತಿವೀತಿದ್ದೀಯ?” ಎಂದರು ಸಿದ್ರಾಜಣ್ಣ.

ತಲೆ ತಗ್ಗಿಸಿ ನೋಡಿದೆ. ನನ್ನ ತೋರುಬೆರಳು ಅವರ ಬೆನ್ನ ಮೇಲೆ ಬ್ರೇಕು ಒತ್ತುತ್ತಲೇ ಇತ್ತು.