ಅಜ್ಜಿಯ ಸೀನು

ಮಗಳಿಗೆ ಆಗ ಐದು ವರ್ಷ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು ಹೊಸ್ತಿಲು ದಾಟಿದರೆ ತುಟಿ ಬಿಚ್ಚುತ್ತಿರಲಿಲ್ಲ. ಶಾಲೆಯಲ್ಲಿ ಹಾಜರಿ ಹೇಳುವುದಕ್ಕೂ ದನಿ ಬರುವುದಿಲ್ಲವೆಂದು ಟೀಚರ್ ಹೇಳಿ ಕಳಿಸಿದ್ದರು. ನಾನು ಕಾನ್ವೆಂಟಿನಲ್ಲಿ ಕಲಿತದ್ದನ್ನೇ ಅವಳಿಗೂ ಕಲಿಸಿದೆ. ಕನ್ನಡಿಯೆದುರು 'ಗುಡ್ ಮಾರ್ನಿಂಗ್ ಆಂಟಿ' ಎಂದು ಚಂದವಾಗಿ ಹೇಳುವಳು. ಆಂಟಿಯೇ ಎದುರಾದರೆ ನನ್ನ ಸೆರಗಿನೊಳಗೆ ಸೇರುವಳು.

ಬ್ಯಾಡಗಿಯಲ್ಲಿ ಅದು ಮೆಣಸಿನಕಾಯಿಯ ಸುಗ್ಗಿ. ಸಂಜೆಯ ಬಿಸಿಲಲ್ಲಿ ಕೆಂಪು ಧೂಳು ಮೆಲ್ಲಗೆ ತೇಲುತ್ತ, ನಮ್ಮ ಓಣಿ ಅರೆನಿದ್ದೆಯಲ್ಲಿ ಕಂಡಂತೆ ಕಾಣುತ್ತಿತ್ತು. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತು ಕಾಯಿಯ ತೊಟ್ಟು ಮುರಿಯುತ್ತಿದ್ದರು. ನಾವಿಬ್ಬರೂ ಅವರ ಗೇಟಿನ ಬಳಿ ಬಂದಾಗ ಅವರಿಗೆ ಜೋರಾದ ಸೀನು ಬಂತು.

"ನೂರು ವರ್ಷ ಬಾಳ, ಬಂಗಾರಿ" ಎಂದಿತು ಸೆರಗಿನ ಹಿಂದಿನಿಂದ ಒಂದು ತೆಳು ದನಿ.

ಮಗಳು ಸೀನಿದಾಗಲೆಲ್ಲ ನಾನು ಹೇಳುವ ಮಾತದು. ಹಿರಿಯರಿಗೆ ಹಾಗನ್ನಬಾರದೆಂದು ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಮೂಗೊರೆಸಿಕೊಂಡು ನಕ್ಕರು.

"ಅಯ್ಯ ನನ್ನವ್ವಾ! ಈಗ ಎಂಬತ್ತಾಗ್ಯಾವ. ಇನ್ನೂ ಇಪ್ಪತ್ತ ವರ್ಷ ಇದನ್ನ ಮುರಕೋತ ಕುಂದರ್ಲೇನ?"

"ನಾ ಮುರದ ಕೊಡ್ಲೇನ?"

"ಬ್ಯಾಡವಾ, ಕಣ್ಣ ಉರಿತಾವ. ನೀ ಸುಮ್ಮನ ಮಾತಾಡ್ಕೋತ ಕುಂದ್ರ ಬಾ."

ಸೆರಗು ಸಡಿಲವಾಯಿತು. ಗೇಟಿನ ಸಂದಿಯಲ್ಲಿ ನುಸುಳಿ ಕಟ್ಟೆ ಹತ್ತಿ ಕುಳಿತವಳು, ನನಗೂ ಹೇಳಿರದ ಶಾಲೆಯ ಸಂಗತಿಯೊಂದನ್ನು ಅಜ್ಜಿಗೆ ಹೇಳತೊಡಗಿದಳು. ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ನಾನು ಗೇಟು ತೆರೆಯದೆ ಹೊರಗೇ ನಿಂತೆ.