ಹೆಂಗಸರ ಕಡೆಯಿಂದ ಕೇಳಿದ ದನಿ

ಎಂಬತ್ತರ ದಶಕದ ಮೊದಲ ವರ್ಷಗಳು. ಗಂಗಾವತಿಯ ಆ ಚಿತ್ರಮಂದಿರದಲ್ಲಿ ಹೆಂಗಸರಿಗೆ ಬೇರೆ ಜಾಗ, ಗಂಡಸರಿಗೆ ಬೇರೆ. ನಡುವೆ ಎದೆಮಟ್ಟದ ಗೋಡೆ. ಒಂದೇ ಮನೆಯಿಂದ ಹೊರಟ ನಾವು ಬಾಗಿಲಲ್ಲಿ ಅಗಲಿ, ಸಿನಿಮಾ ಮುಗಿದ ಮೇಲೆ ಸೋಡಾ ಅಂಗಡಿಯ ಮುಂದೆ ಮತ್ತೆ ಕೂಡುತ್ತಿದ್ದೆವು. ಅಪ್ಪನ ಬಟ್ಟೆ ಅಂಗಡಿಗೆ ರಜೆಯಿದ್ದ ದಿನ ಮ್ಯಾಟಿನಿ. ಹೊರಗೆ ಸುಡುವ ಬಿಸಿಲು, ಒಳಗೆ ತಂಪು ಕತ್ತಲು. ತಲೆಯ ಮೇಲೆ ಹಾಯುವ ಬೆಳಕಿನಲ್ಲಿ ಬೀಡಿಯ ಹೊಗೆ ನಿಧಾನವಾಗಿ ಮಗ್ಗಲು ಬದಲಿಸುತ್ತಿತ್ತು. ಅದನ್ನೇ ನೋಡುತ್ತ ಎಷ್ಟೋ ಸಿನಿಮಾಗಳ ಕತೆ ಕಳೆದುಕೊಂಡಿದ್ದೇನೆ.

ಆ ದಿನದ್ದು ತೆಲುಗು ಚಿತ್ರ, ಒಬ್ಬ ರೌಡಿಯ ಕತೆ. ಮಧ್ಯಂತರದವರೆಗೆ ಗಂಡಸರ ಕಡೆ ಸಿಳ್ಳೆಯೋ ಸಿಳ್ಳೆ. ಆಮೇಲೆ ರೌಡಿಗೆ ವಯಸ್ಸಾಯಿತು. ಚಾಕು ಹಿಡಿದ ಕೈ ನಡುಗತೊಡಗಿತು.

'ಹೊಡದಾಟ ಎಲ್ಲಿ ಹೋತ್ರೀಪಾ?' ಎಂದು ಯಾರೋ ಕೂಗಿದರು. ಕೆಲವರು ಎದ್ದೇ ಹೋದರು. ಮುದುಕನಾಗುವುದನ್ನು ನೋಡಲು ಯಾರಾದರೂ ಟಿಕೆಟ್ ತೆಗೆಸುತ್ತಾರೆಯೇ?

ಕೊನೆಗೆ ಆ ಮುದುಕ, ತಾನೇ ಒಂದು ಕಾಲದಲ್ಲಿ ಹೊರಗೆ ಹಾಕಿದ್ದ ಮಗಳ ಮನೆಗೆ ಬಂದು ಬಾಗಿಲು ಬಡಿದ. ಚಿಲಕ ಸರಿಯಲಿಲ್ಲ. ಮತ್ತೆ ಬಡಿದ. ಗಂಡಸರ ಕಡೆ ಮೂಗು ಒರೆಸಿಕೊಳ್ಳುವ ಸದ್ದು. 'ತಗಿಯವ್ವಾ ತಂಗಿ, ಪಾಪ!' ಎಂದ ಒಬ್ಬ ಅಜ್ಜ.

ಆಗ ನನ್ನ ಪಕ್ಕದಿಂದಲೇ ಒಂದು ದನಿ ಎದ್ದಿತು.

'ತಗೀಬ್ಯಾಡ! ಒಟ್ಟ ತಗೀಬ್ಯಾಡ! ಹೊರಗ ನಿಲ್ಲೂದು ಹೆಂಗಿರತೈತಿ ಅಂತ ಅವಂಗೂ ಗೊತ್ತಾಗ್ಲಿ!'

ಅವ್ವ. ಉಪ್ಪು ಕೇಳುವಾಗಲೂ ಮೆಲ್ಲಗೆ ಕೇಳುವ ನನ್ನ ಅವ್ವ. ಸುತ್ತಲಿನ ಹೆಂಗಸರು ಚಪ್ಪಾಳೆ ಹೊಡೆದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯ. ಮೂರು ವರ್ಷದ ಹಿಂದೆ ಅಕ್ಕ ತಾನು ಮೆಚ್ಚಿದವನನ್ನು ಮದುವೆಯಾಗಿ ಬಂದು ನಮ್ಮ ಬಾಗಿಲು ಬಡಿದಿದ್ದಳು. ಅಪ್ಪ ಒಳಗಿನಿಂದ ಚಿಲಕದ ಮೇಲೆ ಕೈಯಿಟ್ಟು, ತೆಗೆಯದೆ ನಿಂತುಬಿಟ್ಟಿದ್ದ. ಅಂದಿನಿಂದ ಅವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅಪ್ಪನ ಮೇಲೆ ಆ ಸಿಟ್ಟು ನನಗೂ ಇತ್ತು, ಬಾಯಿ ಇರಲಿಲ್ಲ.

ಸೋಡಾ ಅಂಗಡಿಯ ಮುಂದೆ ಅಪ್ಪ ಸಿಕ್ಕ. ದನಿ ಯಾರದೆಂದು ಗೋಡೆಯಾಚೆಯಿಂದಲೂ ಅವನಿಗೆ ಗೊತ್ತಾಗಿತ್ತು. ಅವ್ವನನ್ನು ಒಮ್ಮೆ ನೋಡಿ, ಸೋಡಾ ಬೇಡವೆಂದು ಮನೆಯ ದಾರಿ ಹಿಡಿದ.

ಮರುದಿನ ಅಂಗಡಿ ತೆರೆಯಲಿಲ್ಲ. ನನ್ನನ್ನು ಕರೆದುಕೊಂಡು ಕುಷ್ಟಗಿಯ ಬಸ್ಸು ಹತ್ತಿದ. ಆ ಪಯಣ ನನಗೆ ಇಂದಿಗೂ ಅರೆನಿದ್ದೆಯಲ್ಲಿ ಕಂಡದ್ದರ ಹಾಗೆ. ನೀರು ತುಂಬಿದ ಗದ್ದೆಗಳು ಹಿಂದೆ ಸರಿದವು. ತಾವರಗೇರಾ ಬರುವ ಹೊತ್ತಿಗೆ ಸಜ್ಜೆಯ ಹೊಲಗಳು. ಅಪ್ಪನ ಬೆರಳುಗಳು ಮುಂದಿನ ಸೀಟಿನ ಕಂಬಿಯನ್ನು ಮೆಲ್ಲಗೆ ಬಡಿಯುತ್ತಿದ್ದವು. ನಿಲ್ಲಿಸುವುದು, ಮತ್ತೆ ಬಡಿಯುವುದು.

ಇಳಿದು ಅಕ್ಕನ ಮನೆಗೆ ಹೋದೆವು. ಕಾಲಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು. ಕಪ್ಪು ಬರಿದಾದ ಮೇಲೂ ಅಪ್ಪ ಅದನ್ನು ಹಿಡಿದೇ ಕುಳಿತಿದ್ದ.

ಸಂಜೆ ನಾವು ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು.

'ಬಾಗ್ಲಾ ತಗದಳೇನ್ರಿ?'

ಅಪ್ಪ ಚಪ್ಪಲಿ ಕಳಚದೆ ಹೊಸ್ತಿಲ ಮೇಲೆಯೇ ಕುಳಿತ.

'ಹಾಕೇ ಇದ್ದಿಲ್ಲ' ಎಂದ.