ಬಾಣಂತಿಗೆ ಸೆಕೆ ಗೊತ್ತಾಗಲ್ಲ

ನನ್ನ ಮೊದಲ ಬಾಣಂತನ ಆದದ್ದು ಚಿಂತಾಮಣಿಯ ತವರಿನಲ್ಲಿ, ಏಪ್ರಿಲ್‌ನ ಬಿರುಬಿಸಿಲಿನಲ್ಲಿ. ಅದೇ ಬೇಸಿಗೆಯಲ್ಲಿ ನಮ್ಮ ಮನೆಗೆ ಎಸಿ ಬಂತು. ಬಂದದ್ದು ಬಾಣಂತಿಗೆಂದಲ್ಲ, ಅಳಿಯನಿಗೆಂದು. ನನ್ನ ಗಂಡ ಆಗ ಚಿಕ್ಕಬಳ್ಳಾಪುರದ ಒಂದು ಬ್ಯಾಂಕಿನಲ್ಲಿದ್ದರು. ದಿನವಿಡೀ ತಣ್ಣನೆಯ ಕೋಣೆಯಲ್ಲಿ ಕೂತು ಅಭ್ಯಾಸವಾದವರು ಭಾನುವಾರ ಮಗು ನೋಡಲು ಬಂದಾಗ ಒದ್ದಾಡಬಾರದಲ್ಲ ಎಂದು ಅಪ್ಪ ಮುಂದಿನ ಕೋಣೆಗೆ ಎಸಿ ಹಾಕಿಸಿದರು. ನಾನು ಮಲಗುತ್ತಿದ್ದದ್ದು ಅದಕ್ಕೆ ಅಂಟಿಕೊಂಡ ಹಿಂದಿನ ಕೋಣೆಯಲ್ಲಿ. ನಡುವೆ ಒಂದು ಬಾಗಿಲಿತ್ತು.

ನನ್ನ ಕೋಣೆಯಲ್ಲೂ ಫ್ಯಾನ್ ಇತ್ತು. ಅದರ ಸ್ವಿಚ್ಚಿನ ಮೇಲೆ ಅಮ್ಮ ಟೇಪು ಅಂಟಿಸಿದ್ದಳು. ಕಿಟಕಿ ಮುಚ್ಚಿತ್ತು. ಕಿವಿಗೆ ಹತ್ತಿ, ತಲೆಗೆ ಉಲ್ಲನ್ ಸ್ಕಾರ್ಫು, ಕಾಲಿಗೆ ಸಾಕ್ಸು. ಸ್ನಾನಕ್ಕೆ ಚರ್ಮ ಸುಲಿಯುವಂಥ ಬಿಸಿನೀರು, ಆಮೇಲೆ ಮಂಚದ ಕೆಳಗೆ ಕೆಂಡದ ಬಾಂಡ್ಲಿ, ಕೆಂಡದ ಮೇಲೆ ಸಾಂಬ್ರಾಣಿ. ಬಾಯಾರಿಕೆ ಎಂದರೆ ಅರ್ಧ ಲೋಟ ಬಿಸಿನೀರು. ಮೇಲೆ ಬೆಳಗಿನಿಂದ ಕಾದ ತಾರಸಿ. ಮಗುವಿನ ಕತ್ತು, ಕಂಕುಳು ಎಲ್ಲ ಬೆವರುಸಾಲೆ.

ಇದೆಲ್ಲ ನನ್ನ ಅಜ್ಜಿಯ ಕಾಲದಿಂದ ಬಂದ ಕ್ರಮ ಎಂದು ಅಮ್ಮನಿಗೆ ಹೆಮ್ಮೆ. ಅಜ್ಜಿಯದು ಮೊಳ ದಪ್ಪದ ಮಣ್ಣುಗೋಡೆಯ ಮನೆ. ಕಲ್ಲುಚಪ್ಪಡಿಯ ಮೇಲೆ ಮಣ್ಣು ಹರಡಿದ ಮಾಳಿಗೆ, ಅದರಲ್ಲಿ ಗವಾಕ್ಷಿ. ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ನೆಲ ತಣ್ಣಗಿರುತ್ತಿತ್ತು. ಅಲ್ಲಿ ಮಲಗಿದ ಬಾಣಂತಿಗೆ ಕೆಂಡ ಬೇಕಾಗಿತ್ತೋ ಏನೋ. ಅಪ್ಪ ಆ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದರು. ಮಾಳಿಗೆ ಹೋಯಿತು, ಗವಾಕ್ಷಿ ಹೋಯಿತು. ಕೆಂಡವನ್ನು ಮಾತ್ರ ಅಮ್ಮ ಬಿಡಲಿಲ್ಲ.

"ಅಮ್ಮಾ, ಕಿಟಕಿನಾದ್ರೂ ತೆಗಿ. ಉಸಿರು ಕಟ್ತಾ ಇದೆ," ಎಂದು ಗೋಗರೆಯುತ್ತಿದ್ದೆ.

"ಸುಮ್ನೆ ಬಿದ್ಕೋ ಕಣೇ. ನಾಳೆ ಸೊಂಟ ಹಿಡ್ಕೊಂಡ್ರೆ ಗೌರಿಬಿದನೂರಿನೋರು ಬೈಯೋದು ನನ್ನನ್ನ, ನಿನ್ನನ್ನಲ್ಲ."

ಗೌರಿಬಿದನೂರಿನವರು ಎಂದರೆ ನನ್ನ ಅತ್ತೆ ಮನೆಯವರು. ಅವರಿಂದ ಒಂದು ಮಾತು ಬಾರದಂತೆ ಮಗಳನ್ನು ಕಳಿಸಿಕೊಡುವುದು ಅಮ್ಮನ ಹಟ. ನನ್ನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದು ಹೇಳಲಾರೆ. ಪ್ರೀತಿಯಿಂದಲೇ ಬೇಯಿಸಿದಳು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ಭಾನುವಾರ ನನ್ನ ಗಂಡ ಬಾಗಿಲಲ್ಲಿ ನಿಂತು ಒಳಗೆ ಇಣುಕಿದರು. ಅವರ ಹಿಂದಿನಿಂದ ತಂಪು ಸುಳಿದು ಬಂತು. ಮಳೆ ಬಿದ್ದ ಮಣ್ಣಿಗೆ ಮೂಗು ಒಡ್ಡಿದ ಹಾಗೆ ಮುಖ ಒಡ್ಡಿದೆ.

"ಇಲ್ಲಿ ಸೆಕೆ ಆಗಲ್ವಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಬಾಣಂತಿಗೆ ಸೆಕೆ ಗೊತ್ತಾಗಲ್ಲಪ್ಪ. ಬನ್ನಿ, ಬಾಗಿಲು ತೆಗೆದಿಟ್ರೆ ತಂಪೆಲ್ಲ ಹೊರಟೋಗುತ್ತೆ," ಎಂದಳು. ಅವರು ನಂಬಿದರು. ನಂಬಿದರೆ ಅನುಕೂಲವಿತ್ತು, ನಂಬಿದರು. ಓದಿದ ಮನುಷ್ಯ, ನನ್ನ ಹಣೆಯಿಂದ ಬೆವರು ಇಳಿಯುವುದನ್ನು ನೋಡಿಯೇ ಬಾಗಿಲು ಎಳೆದುಕೊಂಡರು.

ಮಧ್ಯಾಹ್ನ ಕರೆಂಟು ಹೋಯಿತು. ಮುಂದಿನ ಕೋಣೆಯಲ್ಲಿ ಅಳಿಯನ ಪಕ್ಕ ಕೂತು ಅಮ್ಮ ಬೀಸಣಿಗೆ ಬೀಸುವ ಸದ್ದು ಹತ್ತಿ ಇಟ್ಟ ಕಿವಿಗೂ ಕೇಳುತ್ತಿತ್ತು.

ಆ ವಾರವೇ ಶಿಡ್ಲಘಟ್ಟದಿಂದ ದೊಡ್ಡಮ್ಮ ಬಂದಳು. ಅವರದು ರೇಷ್ಮೆಹುಳ ಸಾಕುವ ಮನೆ. ಬಂದವಳೇ ನನ್ನ ಮಂಚದ ಮೇಲೆ ಕೂತು ಹುಳದ ಕಷ್ಟ ಹೇಳಿಕೊಂಡಳು. "ಈ ಬಿಸಿಲಿಗೆ ಹುಳ ಸೊರಗೋಗ್ತವೆ ಕಣೇ. ಕಿಟಕಿಗೆಲ್ಲ ಗೋಣಿತಾಟು ಕಟ್ಟಿ ಹೊತ್ತೊತ್ತಿಗೂ ನೀರು ಚಿಮುಕಿಸ್ತಾ ಇದೀವಿ. ಗಾಳಿ ಆಡ್ದಿದ್ರೆ ಸತ್ತೇ ಹೋಗ್ತವೆ." ಹೇಳುತ್ತಾ ಹೇಳುತ್ತಾ ನನ್ನ ಕಡೆ ತಿರುಗಿ, "ಇದೇನೇ ಸ್ಕಾರ್ಫು ಸಡಿಲ ಬಿಟ್ಟಿದೀಯಾ? ಗಾಲಿ ತಗುಲ್ತುಂದಿ!" ಎಂದು ತೆಲುಗಿನಲ್ಲಿ ಗದರಿ, ಗಾಳಿ ತಾಗದಂತೆ ಗಂಟು ಬಿಗಿದಳು. ಹುಳವಾಗಿಯಾದರೂ ಹುಟ್ಟಬಾರದಿತ್ತೇ ಎನಿಸಿತು.

ಮುಂದಿನ ಭಾನುವಾರ ಅಮ್ಮ ಅಡುಗೆಮನೆಯಲ್ಲಿದ್ದಾಗ ಎದ್ದು ಕಿಟಕಿಯನ್ನು ಸರಿಸಿದೆ. ಮುಖಕ್ಕೆ ಒಲೆಯ ಬಾಯಿಂದ ಬಂದಂಥ ಬಿಸಿಗಾಳಿ ಹೊಡೆಯಿತು. ಎಸಿಯ ಹೊರಗಿನ ಪೆಟ್ಟಿಗೆಯನ್ನು ಮನೆಯ ಮುಂದೆ ಇಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಅಪ್ಪ ಹಿಂದಿನ ಓಣಿಯಲ್ಲಿ ಕೂರಿಸಿದ್ದರು, ಸರಿಯಾಗಿ ನನ್ನ ಕಿಟಕಿಯ ಕೆಳಗೆ. ನನ್ನ ಗಂಡ ಒಳಗೆ ತಣ್ಣಗೆ ನಿದ್ದೆ ಮಾಡುತ್ತಿದ್ದರು, ಆ ಪೆಟ್ಟಿಗೆ ಇಲ್ಲಿ ಗುರುಗುಟ್ಟುತ್ತಿತ್ತು. ಮುಚ್ಚಲು ಕೈ ಎತ್ತುವಷ್ಟರಲ್ಲಿ ಅಮ್ಮ ಬಂದು ನೋಡಿಬಿಟ್ಟಳು.

ಮಾರನೆಯ ದಿನ ಮಗುವಿಗೆ ಜ್ವರ ಬಂತು. ಅಮ್ಮ ತಲೆ ಚಚ್ಚಿಕೊಂಡಳು. "ಹೇಳ್ದೆ ತಾನೇ? ಕಿಟಕಿ ತೆಗೆದ್ಯಲ್ಲ, ನಿಂಗೆ ತಗುಲಿದ ಶೀತ ಹಾಲಿನಲ್ಲಿ ಮಗೂಗೆ ಹೋಯ್ತು!" ಮೈ ಕೆಂಪಾದ ಮಗುವನ್ನು ಎತ್ತಿಕೊಂಡು ಅಪ್ಪ ಅಮ್ಮನ ಜೊತೆ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಮೊದಲು ಮಗುವಿನ ಸ್ವೆಟರು, ಟೋಪಿ ಬಿಚ್ಚಿಸಿದರು. ಆಮೇಲೆ ಪರೀಕ್ಷೆ ಮಾಡಿ ಹೇಳಿದರು: "ಶೀತಾನೂ ಇಲ್ಲ, ಏನೂ ಇಲ್ಲ. ಸೆಕೆಗೆ ಬಂದಿರೋ ಜ್ವರ ಇದು. ಈ ಬಿಸಿಲಲ್ಲಿ ಮಗೂನ ಹಿಂಗಾ ಸುತ್ತೋದು? ಮುಚ್ಚಿದ ರೂಮಲ್ಲಿ ಇಡಬೇಡಿ. ಮಗೂಗೆ ಗಾಳಿ ಬೇಕು." ಅಮ್ಮ ಕೈಕಟ್ಟಿಕೊಂಡು ಹೂಂ ಹೂಂ ಎಂದು ತಲೆಯಾಡಿಸಿದಳು. ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಮಗು ಉಳಿಯಿತು ಎಂಬ ಸಮಾಧಾನ ಒಂದು, ಇನ್ನು ಉಸಿರಾಡಬಹುದು ಎಂಬ ಆಸೆ ಇನ್ನೊಂದು. ಆಟೋದಲ್ಲಿ ದಾರಿಯುದ್ದಕ್ಕೂ ಗಾಳಿ ಮುಖಕ್ಕೆ ಬೀಸುತ್ತಿತ್ತು. ಅಮ್ಮ ಸ್ಕಾರ್ಫಿನ ಮೇಲೆ ಸೆರಗು ಹೊದಿಸಿದಳು, ನಾನು ತಡೆಯಲಿಲ್ಲ. ಮನೆ ತಲುಪಿದರೆ ಎಲ್ಲ ಸರಿಹೋಗುತ್ತದಲ್ಲ.

ಮನೆ ತಲುಪಿದೆವು. ಡಾಕ್ಟರಮ್ಮನ ಮಾತನ್ನು ಅಪ್ಪ ಅಕ್ಷರಶಃ ಪಾಲಿಸಿದರು. "ಎಸಿ ಹಾಕ್ಸಿರೋದು ಮತ್ಯಾಕೆ? ಹದವಾಗಿ ಇಟ್ಟು ಮಗೂನ ಅಲ್ಲೇ ಮಲಗ್ಸಣ," ಎಂದು ನನ್ನ ಕೋಣೆಯಿಂದ ತೊಟ್ಟಿಲು ಎತ್ತಿ ಮುಂದಿನ ಕೋಣೆಯಲ್ಲಿ ಇಟ್ಟರು. ನಾನೂ ತೊಟ್ಟಿಲ ಹಿಂದೆಯೇ ಹೊರಟೆ. ಅಮ್ಮ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದಳು.

"ನೀನೆಲ್ಲಿಗೇ? ಅವರು ಹೇಳಿದ್ದು ಮಗೂಗೆ. ಹಾಲಿನ ಹೊತ್ತಿಗೆ ನಾನೇ ತಂದ್ಕೊಡ್ತೀನಿ, ಬಿದ್ಕೋ ಹೋಗು."

ಬಾಗಿಲು ಮುಚ್ಚಿತು. ನಾನು ಮಂಚಕ್ಕೆ ಹೋಗಲಿಲ್ಲ. ಬಾಗಿಲಿಗೆ ಎದುರಾಗಿ ನೆಲದ ಮೇಲೆಯೇ ಕೂತೆ. ಕೆಳಗಿನ ಸಂದಿಯಿಂದ ಒಂದು ಎಳೆ ತಂಪು ಬರುತ್ತಿತ್ತು. ಸಾಕ್ಸು ಕಿತ್ತು ಅಂಗಾಲುಗಳನ್ನು ಅಲ್ಲಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಮ್ಮ ನನ್ನ ಕಾಲನ್ನೂ ಸಂದಿಯನ್ನೂ ನೋಡಿದಳು. ಏನೂ ಬೈಯಲಿಲ್ಲ. ಒಂದು ಹಳೇ ಸೀರೆ ತಂದು, ಉದ್ದಕ್ಕೆ ಸುರುಳಿ ಸುತ್ತಿ, ಬಾಗಿಲು ಮುಚ್ಚಿಕೊಂಡು ಆ ಕಡೆಯಿಂದ ಸಂದಿಗೆ ಬಿಗಿಯಾಗಿ ತುರುಕಿದಳು.

"ಇನ್ನು ಭಯ ಇಲ್ಲ ಕಣಮ್ಮಾ," ಎಂದಳು ಹೊರಗಿನಿಂದ, ತುಂಬ ಅಕ್ಕರೆಯಿಂದ.